ದೀರ್ಘಪಥದಲ್ಲಿ ಒಂದು ದಿನ

ನಡಿಗೆಯು ಮಾನವನ ಅತ್ಯಂತ ಪ್ರಾಚೀನವಾದ ಸಂಚಾರಸಾಧನ. ಅದಕ್ಕೆ ಶಿಕ್ಷಣವೇಕೆ, ಸಲಕರಣೆಯೇಕೆ ಎಂದು ಯಾರಾದರೂ ಕೇಳಬಹುದು. ಊರಿನ ಬೀದಿಯಲ್ಲಿ ಓಡಾಡುವವರಿಗೆ ಈ ಪ್ರಶ್ನೆ ಸಲ್ಲುವುದು. ಆದರೆ ಮನುಷ್ಯವಸತಿಯಿಂದ ನಾಲ್ಕು ತಾಸು ದೂರದ ಬೆಟ್ಟದ ನೆತ್ತಿಯಲ್ಲಿ ನಿಂತವನಿಗೆ ಬೆನ್ನಮೇಲಿನ ಚೀಲವೇ ಮನೆ, ಅದೇ ಅಂಗಡಿ, ಅದೇ ಆಸ್ಪತ್ರೆ. ಆ ಚೀಲದಲ್ಲಿ ಏನಿರಬೇಕು, ಏಕಿರಬೇಕು ಎಂಬುದನ್ನು ಭೌತವಿಜ್ಞಾನ ಮತ್ತು ಶರೀರವಿಜ್ಞಾನಗಳ ನೆರವಿನಿಂದ ಪರಿಶೀಲಿಸೋಣ.

ನಿದರ್ಶನಕ್ಕಾಗಿ ನಾವು ಅಮೆರಿಕದ ಅಪಲೇಚಿಯನ್ ಪಥವನ್ನು ಆಯ್ದುಕೊಳ್ಳುವೆವು. ಬೆಂಟನ್ ಮೆಕೈ ಎಂಬ ಅರಣ್ಯತಜ್ಞನು 1921ರಲ್ಲಿ ಇದರ ಕಲ್ಪನೆಯನ್ನು ಜನರ ಮುಂದಿಟ್ಟನು. ಬಹುಮಟ್ಟಿಗೆ ಸ್ವಯಂಸೇವಕರ ಶ್ರಮದಿಂದಲೇ 1937ರಲ್ಲಿ ಅದು ಪೂರ್ಣಗೊಂಡಿತು. ದಕ್ಷಿಣದಲ್ಲಿ ಜಾರ್ಜಿಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದಲ್ಲಿ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾದು, ಈ ಕಾಲುದಾರಿ ಸುಮಾರು 3,500 ಕಿಲೋಮೀಟರು ಚಾಚಿಕೊಂಡಿದೆ. ಇದನ್ನು ಆದ್ಯಂತವಾಗಿ ನಡೆದು ಮುಗಿಸುವವರು ಕೆಲವರೇ. ಬೆಳಗಿನಲ್ಲಿ ಹೊಕ್ಕು ಸಂಜೆಗೆ ಹಿಂದಿರುಗುವವರೇ ಬಹುಸಂಖ್ಯಾತರು. ತಿಂಗಳುಗಟ್ಟಲೆ ನಡೆಯುವವನು ಗುಡಾರವನ್ನೂ ಹೊದಿಕೆಯನ್ನೂ ಹೊತ್ತಿರುತ್ತಾನೆ. ಕತ್ತಲಾದರೆ ಇದ್ದಲ್ಲಿಯೇ ತಂಗುತ್ತಾನೆ. ಒಂದು ದಿನದ ಪ್ರಯಾಣಿಕನಲ್ಲಿ ಇವಾವುವೂ ಇಲ್ಲ. ಆದುದರಿಂದ ನೆನೆಸದೆ ಬಂದ ಒಂದು ರಾತ್ರಿ ಅವನಿಗೇ ಹೆಚ್ಚು ಅಪಾಯಕರ.

ಈ ಪಥವು ನ್ಯೂ ಹ್ಯಾಂಪ್‌ಶೈರಿನಲ್ಲಿ ವಾಷಿಂಗ್ಟನ್ ಪರ್ವತದ ಶಿಖರವನ್ನು ದಾಟಿ ಹೋಗುತ್ತದೆ. ಅದರ ಎತ್ತರ 1,917 ಮೀಟರು. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆಯೇ. ಆದರೂ ಅಲ್ಲಿ 1934ನೆಯ ಏಪ್ರಿಲ್ 12ರಂದು ಗಂಟೆಗೆ 372 ಕಿಲೋಮೀಟರು ವೇಗದ ಗಾಳಿ ಅಳತೆಗೆ ಸಿಕ್ಕಿತು. ಬೆಟ್ಟವನ್ನೇರುವಾಗ ಪ್ರತಿ 1,000 ಮೀಟರಿಗೆ ಹವೆಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವುದು. ಬುಡದಲ್ಲಿರುವ ಪಿಂಕಮ್ ನಾಚ್ ಕಣಿವೆಯಿಂದ ಶಿಖರಕ್ಕೆ ಸುಮಾರು 1,300 ಮೀಟರು ಏರಬೇಕು. ಎಂದರೆ ಕೆಳಗೆ ಹಿತವಾದ 16 ಡಿಗ್ರಿಯಿದ್ದಾಗ ಮೇಲೆ ಏಳೆಂಟು ಡಿಗ್ರಿ ಮಾತ್ರ ಇರಬಹುದು. ಇದರ ಮೇಲೆ ಗಾಳಿಯನ್ನೂ ಮಳೆಯನ್ನೂ ಕೂಡಿಸಿ ನೋಡಿರಿ.

ನಮ್ಮ ಚರ್ಮವನ್ನು ಅಂಟಿಕೊಂಡು ಬೆಚ್ಚನೆಯ ಗಾಳಿಯ ತೆಳುವಾದ ಪದರವೊಂದು ಸದಾ ಇರುತ್ತದೆ. ಬೀಸುಗಾಳಿ ಅದನ್ನು ಒಡನೊಡನೆ ಒಯ್ದುಬಿಡುವುದು. ಬಟ್ಟೆ ತೊಯ್ದರೆ ಕೇಡು ಇಮ್ಮಡಿಯಾಗುವುದು. ಏಕೆಂದರೆ ನೀರು ನಿಶ್ಚಲವಾದ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ವಹಿಸುತ್ತದೆ. ಅದು ಆವಿಯಾಗುವಾಗಲೂ ದೇಹದಿಂದಲೇ ಶಾಖವನ್ನು ಹೀರಿಕೊಳ್ಳುವುದು. 37 ಡಿಗ್ರಿಯಲ್ಲಿರಬೇಕಾದ ದೇಹದ ಒಳಗಿನ ಉಷ್ಣತೆ 35ಕ್ಕಿಂತ ಕೆಳಗಿಳಿದರೆ ಅದೇ ಶೀತಾಘಾತ. ಮೊದಲು ನಡುಕ, ಬಳಿಕ ಮಾತಿನ ತೊದಲು, ಕಾಲಿನ ಎಡವು, ಬುದ್ಧಿಯ ಮಂಕು. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ಎಷ್ಟೋ ಮೇಲೆ, ಗಾಳಿ ಮಳೆಗಳಲ್ಲಿ ತೊಯ್ದವರು ಪ್ರಾಣ ಕಳೆದುಕೊಂಡಿರುವುದುಂಟು. ಬುದ್ಧಿಯೇ ಮಂಕಾಗುವುದರಿಂದ ಪೀಡಿತನಿಗೆ ತನ್ನ ಸ್ಥಿತಿಯ ಅರಿವಾಗದು. ಜೊತೆಗಾರರು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕೆಂಬುದು ಇದಕ್ಕಾಗಿಯೇ.

ಉಡುಪಿನ ನಿಯಮಗಳು ಈ ತತ್ತ್ವದಿಂದಲೇ ಹೊರಡುತ್ತವೆ. ನಮ್ಮ ನಾಡಿನ ಬಯಲಿನಲ್ಲಿ ಹತ್ತಿಯ ಬಟ್ಟೆಗೆ ಸಮನಾದುದಿಲ್ಲ. ಬೆವರನ್ನು ಹಿಡಿದಿಟ್ಟು ಮೈಯನ್ನು ತಂಪಾಗಿಡುವುದು ಅದರ ಗುಣ. ಚಳಿಯ ಬೆಟ್ಟದಲ್ಲಿ ಅದೇ ಗುಣವು ದೋಷವಾಗುವುದು. ಅಲ್ಲಿ ಉಣ್ಣೆ ಅಥವಾ ಪಾಲಿಯೆಸ್ಟರ್ ಮೇಲು. ಇವು ತೊಯ್ದರೂ ತಮ್ಮ ಎಳೆಗಳ ನಡುವೆ ಸ್ವಲ್ಪ ಗಾಳಿಯನ್ನು ಉಳಿಸಿಕೊಳ್ಳುತ್ತವೆ. ಒಂದೇ ದಪ್ಪ ಕೋಟಿಗಿಂತ ಮೂರು ಪದರಗಳು ಲೇಸು: ಮೈಗಂಟಿ ಬೆವರನ್ನು ಹೊರಸಾಗಿಸುವುದೊಂದು, ಬೆಚ್ಚಗಿಡುವುದೊಂದು, ಗಾಳಿಮಳೆಗಳನ್ನು ತಡೆಯುವುದೊಂದು. ಏರುವಾಗ ಬೆವರುವ ಮೊದಲೇ ಒಂದನ್ನು ಕಳಚಬೇಕು. ನಿಂತಾಗ ನಡುಗುವ ಮೊದಲೇ ತೊಡಬೇಕು.

ಇನ್ನು ಪಾದರಕ್ಷೆ. ಪ್ರತಿ ಹೆಜ್ಜೆಯಲ್ಲಿಯೂ ಕಾಲನ್ನು ಎತ್ತಿ, ಮುಂದೂಡಿ, ನಿಲ್ಲಿಸಬೇಕಾದುದರಿಂದ ಪಾದದಲ್ಲಿರುವ ಒಂದು ಕಿಲೋಗ್ರಾಂ ಭಾರವು ಬೆನ್ನಿನ ಮೇಲಿನ ಹಲವು ಕಿಲೋಗ್ರಾಂಗಳಷ್ಟು ಶಕ್ತಿಯನ್ನು ವ್ಯಯಮಾಡಿಸುವುದು. ಆದಕಾರಣ ಬೂಟು ಬಲವಾಗಿರುವುದಕ್ಕಿಂತ ಹಗುರವಾಗಿ, ಕಾಲಿಗೆ ಒಗ್ಗಿಕೊಂಡು, ಜಾರದ ಅಟ್ಟೆಯುಳ್ಳದ್ದಾಗಿರುವುದು ಮುಖ್ಯ. ತೇವವೂ ಉಜ್ಜಾಟವೂ ಕೂಡಿದಲ್ಲಿ ಬೊಕ್ಕೆ ಏಳುವುದು. ಕಾಲು ಉರಿಯತೊಡಗಿದೊಡನೆ ನಿಂತು, ಒಣಗಿಸಿ, ಅಂಟುಪಟ್ಟಿ ಹಚ್ಚಿದರೆ ಐದು ನಿಮಿಷದ ಕೆಲಸ; ಅಲಕ್ಷಿಸಿದರೆ ಇಡೀ ದಿನದ ಕುಂಟಾಟ.

ಬೆಲೆಬಾಳುವ ಸಲಕರಣೆಗಳೇ ನಡಿಗೆಯನ್ನು ಸಾಧ್ಯಗೊಳಿಸುವುವೆಂದು ಭ್ರಮಿಸಬಾರದು. ಎಮ್ಮಾ ಗೇಟ್‌ವುಡ್ ಎಂಬಾಕೆ 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಕ್ಯಾನ್ವಾಸ್ ಬೂಟು ತೊಟ್ಟು, ತಾನೇ ಹೊಲಿದ ಚೀಲವನ್ನು ಹೆಗಲಿಗೇರಿಸಿ, ಈ ಪಥವನ್ನು ಒಂಟಿಯಾಗಿ ಪೂರ್ತಿ ನಡೆದಳು. ಆದರೆ ಆ ಚೀಲ ಬರಿದಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು: ಅದರಲ್ಲಿ ಕಂಬಳಿಯೂ ಮಳೆ ತಡೆಯುವ ಪ್ಲಾಸ್ಟಿಕ್ ಹಾಳೆಯೂ ಇದ್ದುವು.

ಕಾಲದ ಲೆಕ್ಕವೂ ಒಂದು ಸಲಕರಣೆಯೇ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟನು. ಅದರ ಇಂದಿನ ರೂಪವಿದು: 5 ಕಿಲೋಮೀಟರಿಗೆ ಒಂದು ಗಂಟೆ, ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಪಿಂಕಮ್ ನಾಚ್‌ನಿಂದ ಟಕರ್ಮನ್ ಕಮರಿಯ ಮಾರ್ಗವಾಗಿ ಶಿಖರಕ್ಕೆ ಸುಮಾರು 6.8 ಕಿಲೋಮೀಟರು. ದೂರಕ್ಕೆ 1 ಗಂಟೆ 22 ನಿಮಿಷ, ಏರಿಗೆ 2 ಗಂಟೆ 10 ನಿಮಿಷ. ಒಟ್ಟು ಮೂರೂವರೆ ಗಂಟೆ. ಇದು ಬಲಶಾಲಿಯ, ವಿಶ್ರಾಂತಿಯಿಲ್ಲದ ನಡಿಗೆ. ಹೊಸಬರು ಇದರ ಒಂದೂವರೆ ಪಟ್ಟು ಹಿಡಿಯುವುದು ಕ್ಷೇಮ. ಮೊದಲೇ ಗೊತ್ತುಮಾಡಿದ ಹೊತ್ತಿಗೆ, ಶಿಖರ ಕಣ್ಣೆದುರಿಗಿದ್ದರೂ, ಹಿಂದಿರುಗಲೇಬೇಕು.

ನೀರನ್ನು ಹದವಾದ ಹವೆಯಲ್ಲಿ ಗಂಟೆಗೆ ಅರ್ಧ ಲೀಟರಿನಂತೆ ಒಯ್ಯುವುದು ವಾಡಿಕೆ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ರೋಗಾಣುಗಳು ಕಣ್ಣಿಗೆ ಕಾಣವು. ಕುದಿಸಿ ಅಥವಾ ಶೋಧಿಸಿಯೇ ಕುಡಿಯಬೇಕು. ಬೆವರಿನೊಡನೆ ಲವಣವೂ ಹೋಗುವುದರಿಂದ ದೀರ್ಘ ನಡಿಗೆಯಲ್ಲಿ ಉಪ್ಪು ಬೆರೆತ ತಿನಿಸೂ ಬೇಕು.

ದಾರಿಯ ಗುರುತುಗಳನ್ನು ಓದಲು ಕಲಿಯುವುದು ಮುಂದಿನ ಪಾಠ. ಅಪಲೇಚಿಯನ್ ಪಥದ ಮರಗಳ ಮೇಲೆ 2 ಅಂಗುಲ ಅಗಲ, 6 ಅಂಗುಲ ಉದ್ದದ ಬಿಳಿಯ ಪಟ್ಟೆಗಳಿವೆ. ಒಂದರ ಮೇಲೊಂದು ಎರಡು ಪಟ್ಟೆ ಕಂಡರೆ ತಿರುವು ಬಂತೆಂದು ಎಚ್ಚರಿಕೆ. ನೀಲಿಯ ಪಟ್ಟೆ ಕವಲುದಾರಿಯದು. ಪಟ್ಟೆ ಕಾಣದಾದರೆ ಕೊನೆಯದು ಕಂಡಲ್ಲಿಗೆ ಮರಳಬೇಕು. ಮೇಯ್ನಿನ ದಟ್ಟ ಕಾಡಿನಲ್ಲಿ 2013ರಲ್ಲಿ, ದೂರದ ಪಯಣ ಹೊರಟಿದ್ದ ಮಹಿಳೆಯೊಬ್ಬರು ದಾರಿಯಿಂದ ತುಸು ಪಕ್ಕಕ್ಕೆ ಸರಿದವರು ಮತ್ತೆ ದಾರಿ ಕಾಣಲಿಲ್ಲ. ಅವರು ದೂರವಾಣಿಯಿಂದ ಕಳುಹಿಸಿದ ಸಂದೇಶಗಳು ಯಾರಿಗೂ ತಲುಪಲಿಲ್ಲ. ವಾರಗಳ ಕಾಲ ಬದುಕಿದ್ದು ಅವರು ಅಸುನೀಗಿದರು. ಅವಶೇಷಗಳು ಸಿಕ್ಕಿದುದು 2015ರಲ್ಲಿ. ಕಾಗದದ ನಕ್ಷೆ, ದಿಕ್ಸೂಚಿ, ಸೀಟಿ ಈ ಮೂರನ್ನೂ ಮೊಬೈಲಿಗೆ ಬದಲಾಗಿ ಅಲ್ಲ, ಅದರ ಜೊತೆಗೆ ಒಯ್ಯಬೇಕೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಮೂರು ಬಾರಿ ಊದಿದ ಸೀಟಿ ಅಲ್ಲಿ ಸಂಕಟದ ಕರೆಯೆಂದು ಸಲ್ಲುವುದು. ಗಂಟಲು ಬತ್ತಿದ ಮೇಲೂ ಅದನ್ನು ಊದಬಹುದು.

ಇವುಗಳೊಡನೆ ತಲೆಗೆ ಕಟ್ಟುವ ದೀಪ, ಬೆಂಕಿಪೊಟ್ಟಣ, ಚಾಕು, ಪ್ರಥಮೋಪಚಾರದ ಸಾಮಗ್ರಿ, ಒಂದು ಹೊತ್ತಿನ ಹೆಚ್ಚಿನ ಆಹಾರ, ಒಣಗಿದ ಒಂದು ಜೊತೆ ಬಟ್ಟೆ: ಇಷ್ಟಕ್ಕೆ ಚೀಲವು ಐದಾರು ಕಿಲೋಗ್ರಾಂ ತೂಗಬಹುದು. ಮುಂಗಾರಿನಲ್ಲಿ ನಮ್ಮ ಸಹ್ಯಾದ್ರಿಯ ಬೋಳು ನೆತ್ತಿಗಳನ್ನೇರುವ ವಿದ್ಯಾರ್ಥಿಗಳಿಗೂ ಈ ಪಟ್ಟಿಯೇ ಸಾಕು. ಗಾಳಿಮಳೆಗಳ ನಿಯಮ ಅಲ್ಲಿಯೂ ಇಲ್ಲಿಯೂ ಒಂದೇ.

ಕೊನೆಗೆ, ತೂಕವೂ ಬೆಲೆಯೂ ಇಲ್ಲದ ಸಲಕರಣೆಯೊಂದುಂಟು: ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡುವುದು. ಹುಡುಕುವವರು ಎಲ್ಲಿಂದ ಹುಡುಕಲಾರಂಭಿಸಬೇಕೆಂಬುದನ್ನು ಆ ಚೀಟಿಯೇ ಹೇಳುವುದು. ಅದನ್ನು ಬರೆಯದೆ ಯಾರೂ ಹೊಸಲು ದಾಟದಿರಲಿ.