ಬೆಲೆಗಿಂತ ಮೊದಲು ಮರ್ಯಾದೆ

ಆಮದು, ರಫ್ತು ಎಂಬ ಪದಗಳನ್ನು ನಾವು ದಿನವೂ ಬಳಸುತ್ತೇವೆ. ಎರಡೂ ಪಾರಸಿಯಿಂದ ಬಂದವು. ಮೂಲದಲ್ಲಿ ‘ಬಂದಿತು’, ‘ಹೋಯಿತು’ ಎಂದಷ್ಟೇ ಅರ್ಥ. ಖರೀದಿ, ಬಜಾರುಗಳೂ ಅಲ್ಲಿನವೇ. ಪದಗಳನ್ನು ಕೊಟ್ಟ ಆ ನಾಡಿನ ವ್ಯಾಪಾರದ ನಡವಳಿಕೆಯನ್ನು ಮಾತ್ರ ನಾವು ಅಷ್ಟಾಗಿ ಅರಿತಿಲ್ಲ.

ಇರಾನಿನ ಸಾಮಾಜಿಕ ಬದುಕನ್ನು ಆಳುವ ಉಪಚಾರಕ್ಕೆ ‘ತಾರೋಫ್’ ಎಂದು ಹೆಸರು. ಅಂಗಡಿಯಲ್ಲಿ ಬೆಲೆ ವಿಚಾರಿಸಿದರೆ ವರ್ತಕ ‘ಕಾಬೆಲಿ ನದಾರೆ’ ಎನ್ನಬಹುದು. ‘ನಿಮ್ಮ ಘನತೆಯ ಮುಂದೆ ಇದು ಯಾವ ಲೆಕ್ಕ’ ಎಂಬುದು ಅದರ ಭಾವ. ಟ್ಯಾಕ್ಸಿ ಚಾಲಕನೂ ಹೀಗೆಯೇ ಹೇಳುವುದುಂಟು. ಹಣ ಬೇಡವೆಂದು ಇದರ ಅರ್ಥವಲ್ಲ. ಗಿರಾಕಿ ಎರಡು ಮೂರು ಬಾರಿ ಒತ್ತಾಯಿಸಬೇಕು, ಆಮೇಲೆ ಬೆಲೆ ಹೊರಬರುತ್ತದೆ. ಊಟಕ್ಕೆ ಏಳಿರೆಂದು ಕರೆದಾಗ ಹಸಿವಿದ್ದರೂ ಮೊದಲ ಸಲ ‘ಈಗತಾನೆ ಆಯಿತು’ ಎನ್ನುವ ನಮಗೆ ಇದು ತೀರ ಅಪರಿಚಿತವೇನಲ್ಲ. ನಾವು ಮನೆಯೊಳಗೆ ಉಳಿಸಿಕೊಂಡಿರುವುದನ್ನು ಅವರು ಮಾರುಕಟ್ಟೆಗೂ ತಂದಿದ್ದಾರೆ.

ಒಪ್ಪಂದದ ಮಾತುಕತೆಯಲ್ಲಿ ಈ ಉಪಚಾರದ ಪಾತ್ರ ಇನ್ನೂ ಸೂಕ್ಷ್ಮ. ಮೊದಲು ಚಹಾ, ಆಮೇಲೆ ಕುಶಲ ವಿಚಾರಣೆ, ಬಳಿಕ ವ್ಯವಹಾರ. ಮುಖಕ್ಕೆ ಹೊಡೆದಂತೆ ‘ಆಗದು’ ಎನ್ನುವುದು ಅಲ್ಲಿ ಒರಟುತನ. ‘ಚಶ್ಮ್’, ಅಂದರೆ ‘ನಿಮ್ಮ ಮಾತು ನನ್ನ ಕಣ್ಣಿಗೆ ಸಮಾನ’ ಎಂಬ ಮರುನುಡಿಯನ್ನು ಒಪ್ಪಿಗೆಯೆಂದು ಎಣಿಸಿ ಸರಕು ಸಿದ್ಧಪಡಿಸುವುದು ಅವಸರದ ಕೆಲಸ. ವಿನಯವನ್ನು ದೌರ್ಬಲ್ಯವೆಂದು ತಿಳಿಯುವುದೂ ಅಷ್ಟೇ ಅಪಾಯಕರ. ಚೌಕಾಸಿಗೆ ಕುಳಿತ ಇರಾನಿ ವರ್ತಕ ಸುಲಭಕ್ಕೆ ಬಗ್ಗುವವನಲ್ಲ. ನೋಟಿನ ಮೇಲೆ ರಿಯಾಲ್ ಇದ್ದರೂ ಮಾತಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 10 ರಿಯಾಲಿಗೆ ಸಮನಾದ ತೊಮಾನ್. ಸಾವಿರವೆಂಬುದನ್ನು ನುಂಗಿ ಬರಿಯ ‘50 ತೊಮಾನ್’ ಎನ್ನುವುದೂ ಉಂಟು. ಬೆಲೆ ನಿಷ್ಕರ್ಷೆಯಾದೊಡನೆ ಮೊತ್ತವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳುವುದು ಕ್ಷೇಮ.

ಇದನ್ನೆಲ್ಲ ಶಿಷ್ಟಾಚಾರದ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. 2012ರಲ್ಲಿ ಮತ್ತು ಪುನಃ 2018ರಲ್ಲಿ ಇರಾನಿನ ಹಲವು ಬ್ಯಾಂಕುಗಳು ಸ್ವಿಫ್ಟ್ ಜಾಲದಿಂದ ಹೊರಬಿದ್ದವು. 2012ರಲ್ಲಿ ಯುಕೋ ಬ್ಯಾಂಕಿನ ಮೂಲಕ ರೂಪಾಯಿ ಪಾವತಿಯ ವ್ಯವಸ್ಥೆ ಏರ್ಪಟ್ಟಿತು. ತೈಲಕ್ಕೆ ನಾವು ತೆತ್ತ ರೂಪಾಯಿಯಿಂದಲೇ ಅವರು ನಮ್ಮ ಬಾಸ್ಮತಿ, ಚಹಾ ಕೊಳ್ಳುತ್ತಿದ್ದರು. 2019ರ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಮುಗಿದು ತೈಲ ಖರೀದಿ ನಿಂತಾಗ ಆ ಖಾತೆಯೂ ಸೊರಗತೊಡಗಿತು, ರಫ್ತುದಾರರನ್ನು ಪಾವತಿಯ ಚಿಂತೆ ಕಾಡಿತು. ಬ್ಯಾಂಕಿನ ಖಾತರಿ ದುರ್ಬಲವಾದಷ್ಟೂ ಮನುಷ್ಯನ ಮಾತಿನ ಮೇಲಿನ ಭಾರ ಹೆಚ್ಚುತ್ತದೆ. ಯಾವ ಮಾತು ಉಪಚಾರ, ಯಾವುದು ವಚನ ಎಂಬ ವಿವೇಚನೆ ಇಂತಲ್ಲಿ ನೇರವಾಗಿ ಲಾಭನಷ್ಟದ ಪ್ರಶ್ನೆ.

ತಾರೋಫನ್ನು ಕಪಟವೆನ್ನುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ವ್ಯವಹಾರ ಕುದುರದಿದ್ದರೂ ಎದುರಿಗಿದ್ದವನ ಮಾನಕ್ಕೆ ಕುಂದು ಬರಬಾರದೆಂಬ ಕಾಳಜಿ ಅದರ ಬೇರಿನಲ್ಲಿದೆ. ಇಂದು ಮುರಿದುಬಿದ್ದ ಮಾತುಕತೆಯನ್ನು ನಾಳೆ ಮತ್ತೆ ಆರಂಭಿಸಲು ಅದೇ ದಾರಿ ಮಾಡಿಕೊಡುತ್ತದೆ. ದಿಗ್ಬಂಧನಗಳ ನಡುವೆ ವ್ಯಾಪಾರ ಮಾಡಬೇಕಾದವರಿಗೆ ಇದು ಸಣ್ಣ ಬಂಡವಾಳವಲ್ಲ.