ಯಂತ್ರವು ಪಾಕವಿಧಿಯನ್ನು ತಿದ್ದುವಾಗ

ಅಜ್ಜಿಯಿಂದ ಕೇಳಿ ಬರೆದುಕೊಂಡ ಬಿಸಿಬೇಳೆ ಹುಳಿಯನ್ನದ ಪಾಕವಿಧಿಯೊಂದು ನಮ್ಮ ಗಣಕಯಂತ್ರದಲ್ಲಿದೆ ಎಂದು ಭಾವಿಸೋಣ. ಅದರಲ್ಲಿ 12 ಸಾಮಗ್ರಿಗಳು. 'ಹುಣಿಸೆಹಣ್ಣನ್ನು ಅರ್ಧಕ್ಕಿಳಿಸು' ಎಂದು ಕೃತಕ ಬುದ್ಧಿಯ ಏಜೆಂಟಿಗೆ ಹೇಳುತ್ತೇವೆ. ಏಜೆಂಟು ಕಡತವನ್ನು ತಾನೇ ಮುಟ್ಟಲಾರದು. ಅದಕ್ಕೆಂದು ರಚಿಸಿದ ತಂತ್ರಾಂಶದ ಉಪಕರಣವೊಂದಕ್ಕೆ ಆಜ್ಞೆಯನ್ನು ಕಳುಹಿಸಬೇಕು. 2024ರಲ್ಲಿ ಪ್ರಕಟವಾದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ಕಟ್ಟಳೆಯಂತೆ ಉಪಕರಣದ ಹೆಸರು, ವಿವರಣೆ ಮತ್ತು ಅದಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ ಏಜೆಂಟಿಗೆ ದೊರೆಯುತ್ತವೆ. ಉಪಕರಣದ ಒಳಗುಟ್ಟು ಅದಕ್ಕೆ ಕಾಣದು. ಅದು ನಂಬುವುದು ಈ ಬರವಣಿಗೆಯನ್ನೇ.

ವಿವರಣೆಯಲ್ಲಿ 'ಪಾಕವಿಧಿಯನ್ನು ತಿದ್ದುತ್ತದೆ' ಎಂದಿದ್ದರೆ ಸಾಲದೆ? ಸಾಲದು. ತಿದ್ದುವುದೆಂದರೆ ಹಳೆಯದನ್ನು ತೆಗೆದು ಹೊಸದನ್ನಿಡುವುದೋ, ಬೇಕಾದ ಭಾಗವನ್ನಷ್ಟೇ ಬದಲಿಸುವುದೋ? ಅಂತರಜಾಲದ ನಿಯಮಗಳಲ್ಲಿ ಮೊದಲನೆಯದಕ್ಕೆ 'ಪುಟ್' ಎಂದೂ ಎರಡನೆಯದಕ್ಕೆ 'ಪ್ಯಾಚ್' ಎಂದೂ ಹೆಸರು. ಎರಡನೆಯದೇ ಕ್ಷೇಮವೆಂದು ತೋರುತ್ತದೆ. ಆದರೆ ಅಲ್ಲಿಯೂ ಒಂದು ಸೂಕ್ಷ್ಮವಿದೆ. 'ಜೇಸನ್ ಮರ್ಜ್ ಪ್ಯಾಚ್' ಎಂಬ 2014ರ ಕ್ರಮದಲ್ಲಿ, ಕಳುಹಿಸದೆ ಬಿಟ್ಟ ಶೀರ್ಷಿಕೆಯು ಇದ್ದಂತೆಯೇ ಉಳಿಯುತ್ತದೆ. ಪಟ್ಟಿಯ ಸಂಗತಿ ಹಾಗಲ್ಲ. ಪಟ್ಟಿಯನ್ನು ಅದು ಒಂದೇ ಅಖಂಡ ವಸ್ತುವೆಂದು ಎಣಿಸುತ್ತದೆ. ಹುಣಿಸೆಹಣ್ಣೊಂದೇ ಇರುವ ಪಟ್ಟಿಯನ್ನು ಕಳುಹಿಸಿದೆವೋ, ಅಕ್ಕಿ, ತೊಗರಿಬೇಳೆ ಮೊದಲಾದ 11 ಸಾಮಗ್ರಿಗಳೂ ಮಾಯ! ಯಂತ್ರವಾದರೋ 'ಕಾರ್ಯ ಸಫಲವಾಯಿತು' ಎಂದೇ ವರದಿ ಮಾಡುತ್ತದೆ. ಅದರ ದೃಷ್ಟಿಯಲ್ಲಿ ತಪ್ಪೇನೂ ನಡೆದಿಲ್ಲ.

ಆದುದರಿಂದ ಇಂತಹ ಉಪಕರಣದ ವಿವರಣೆಯಲ್ಲಿ ಹೀಗೆ ಬರೆದಿರಬೇಕು: 'ಬಿಟ್ಟ ಅಂಶಗಳು ಬದಲಾಗವು. ಸಾಮಗ್ರಿಗಳ ಪಟ್ಟಿಯನ್ನು ಕಳುಹಿಸಿದರೆ ಹಳೆಯ ಪಟ್ಟಿ ಪೂರ್ಣವಾಗಿ ಅಳಿಯುತ್ತದೆ. ಮೊದಲು ಅದನ್ನು ಓದಿ, ತಿದ್ದಿದ ಇಡೀ ಪಟ್ಟಿಯನ್ನು ಕಳುಹಿಸತಕ್ಕದ್ದು.' ಹಳೆಯ ಪ್ರತಿಯನ್ನು ಉಪಕರಣವು ಕಾದಿರಿಸುವುದಾದರೆ, ಅದನ್ನು ಮರಳಿ ಪಡೆಯುವ ಬಗೆಯನ್ನೂ ಅಲ್ಲಿಯೇ ತಿಳಿಸಬೇಕು.