ಹಳೆಯ ಟಿ.ವಿ.ಯ ಕೊನೆಯ ಖರ್ಚು ಯಾರದು?

ಮನೆಯ ಟಿ.ವಿ. ಕೆಟ್ಟಿತು. ರಿಪೇರಿಯವನೂ ಕೈಚೆಲ್ಲಿದ. ಕೆಲವು ವರ್ಷ ಅಟ್ಟದ ಮೇಲೆ ಧೂಳು ತಿಂದು ಕೊನೆಗೆ ಅದು ಗುಜರಿ ಸೇರುತ್ತದೆ. ಆಮೇಲೆ? ಈ ಪ್ರಶ್ನೆಗೆ ಅಮೆರಿಕದ ಕೆಲವು ರಾಜ್ಯಗಳು ಕಾನೂನಿನ ಮೂಲಕವೇ ಉತ್ತರ ಹುಡುಕಿವೆ.

ದಪ್ಪ ಬೆನ್ನಿನ ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳು ವೇಗವಾಗಿ ಧಾವಿಸಿ ಪರದೆಗೆ ಬಡಿಯುತ್ತವೆ. ಆಗ ಚಿತ್ರದ ಜೊತೆಗೆ ಅಲ್ಪ ಪ್ರಮಾಣದಲ್ಲಿ ಕ್ಷ-ಕಿರಣಗಳೂ ಹುಟ್ಟುತ್ತವೆ. ಅವನ್ನು ತಡೆಯಲೆಂದೇ ಗಾಜಿಗೆ ಸೀಸ ಬೆರೆಸಿರುತ್ತಾರೆ. ದೊಡ್ಡ ಟ್ಯೂಬಿನಲ್ಲಿ ಅದು ಒಂದು ಕಿಲೋಗ್ರಾಮಿಗೂ ಹೆಚ್ಚು! ನೋಡುವವರನ್ನು ಕಾಯ್ದ ಅದೇ ಸೀಸ, ಗಾಜು ಒಡೆದು ಕಸದ ಗುಂಡಿ ಸೇರಿದರೆ ಮಣ್ಣು, ನೀರಿಗೆ ಇಳಿಯಬಹುದು. ಬೆಳೆಯುವ ಮಕ್ಕಳ ಮಿದುಳಿಗೆ ಅದು ವಿಷ.

ಕ್ಯಾಲಿಫೋರ್ನಿಯಾ ರಾಜ್ಯ 2003ರಲ್ಲಿ ಇದಕ್ಕೊಂದು ಕಾಯಿದೆ ಮಾಡಿತು. 2005ರ ಜನವರಿಯಿಂದ ಹೊಸ ಟಿ.ವಿ. ಅಥವಾ ಮಾನಿಟರ್ ಕೊಳ್ಳುವವರು ಪರದೆಯ ಅಳತೆಗೆ ತಕ್ಕಂತೆ ಅಂಗಡಿಯಲ್ಲೇ ಶುಲ್ಕ ತೆರಬೇಕಾಯಿತು. ಆರಂಭದಲ್ಲಿ ಅದು 6ರಿಂದ 10 ಡಾಲರ್ ಇತ್ತು. ಈ ಹಣ ಹಳೆಯ ಉಪಕರಣಗಳನ್ನು ಸಂಗ್ರಹಿಸಿ ಬಿಚ್ಚುವವರಿಗೆ ಸಲ್ಲುತ್ತದೆ.

ಮೇನ್ ರಾಜ್ಯ ಬೇರೆ ದಾರಿ ಹಿಡಿಯಿತು. 2004ರಲ್ಲಿ ಅಂಗೀಕಾರವಾಗಿ 2006ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನಂತೆ ಮರುಬಳಕೆಯ ಖರ್ಚು ತಯಾರಕರದು. ಮುಚ್ಚಿಹೋದ ಕಂಪನಿಗಳ ‘ಅನಾಥ’ ಟಿ.ವಿ.ಗಳ ಖರ್ಚನ್ನೂ ಉಳಿದ ತಯಾರಕರೇ ಹಂಚಿಕೊಳ್ಳಬೇಕಿತ್ತು. ಕೊನೆಯ ಖರ್ಚು ತನ್ನ ತಲೆಗೇ ಬರುವುದಾದರೆ ತಯಾರಕ ಸುಲಭವಾಗಿ ಬಿಚ್ಚಬಹುದಾದ, ವಿಷ ಕಡಿಮೆಯಿರುವ ವಸ್ತುವನ್ನೇ ತಯಾರಿಸಿಯಾನು ಎಂಬುದು ಇದರ ಹಿಂದಿನ ತರ್ಕ. ಇಂದು ಸುಮಾರು 25 ರಾಜ್ಯಗಳಲ್ಲಿ ಇಂಥ ಕಾನೂನುಗಳಿವೆ. ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಾನೂನು ಮಾತ್ರ ಅಲ್ಲಿಲ್ಲ.

ಕಾನೂನು ಬಂದೊಡನೆ ಎಲ್ಲವೂ ಸರಿಹೋಯಿತೆ? ಇಲ್ಲ. ಹಳೆಯ ಟ್ಯೂಬಿನ ಗಾಜನ್ನು ಕರಗಿಸಿ ಹೊಸ ಟ್ಯೂಬುಗಳನ್ನು ಮಾಡುತ್ತಿದ್ದರು. ಚಪ್ಪಟೆ ಪರದೆಗಳು ಬಂದ ಮೇಲೆ ಆ ಗಾಜನ್ನು ಕೇಳುವವರೇ ಇಲ್ಲವಾದರು. ಕೆಲವೆಡೆ ಅದು ಗೋದಾಮುಗಳಲ್ಲಿ ರಾಶಿ ಬಿತ್ತು. ಸಂಗ್ರಹಿಸಿದ ಮಾತ್ರಕ್ಕೆ ಮರುಬಳಕೆ ಆಗುವುದಿಲ್ಲ. ಬಂದ ಪದಾರ್ಥಕ್ಕೆ ಉಪಯೋಗವೂ ಇರಬೇಕು.

ನಮ್ಮಲ್ಲಿ ಈ ವಿಷಯಕ್ಕೆ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳಿವೆ. 2011ರಲ್ಲಿ ರೂಪಿಸಿದ ಮೊದಲ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಈಗಿರುವ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇಲ್ಲಿಯೂ ಹೊಣೆ ಮುಖ್ಯವಾಗಿ ತಯಾರಕರದೇ. ಆದರೆ ವಸ್ತು ಮೊದಲು ಹೊರಬೀಳುವುದು ನಮ್ಮ ಮನೆಯಿಂದ. ತಾಮ್ರದ ಆಸೆಗೆ ವೈರು ಸುಡುವುದು, ಟ್ಯೂಬು ಒಡೆಯುವುದು ಬೇಡ. ನೋಂದಾಯಿತ ಸಂಗ್ರಹ ಕೇಂದ್ರ ಎಲ್ಲಿದೆಯೆಂದು ಮಕ್ಕಳೇ ವಿಚಾರಿಸಲಿ. ಹಿರಿಯರು ಅಟ್ಟ ಹತ್ತಿ ಹಳೆಯ ಪೆಟ್ಟಿಗೆಯನ್ನು ಜೋಪಾನವಾಗಿ ಇಳಿಸಲಿ.